ಕುಡಿಯದವರ ಲಿವರ್

ನಾನು ಕೊಡಗಿನಲ್ಲಿ ಎಚ್‌ಐವಿ ಇರುವವರಿಗೆ ಆಪ್ತ ಸಮಾಲೋಚಕಿ. ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಸಿದ್ದಾಪುರ ಕಡೆಯ ಕಾಫಿ ತೋಟದ ಕೂಲಿಗಾರರ ಲೈನ್ ಮನೆಯಿಂದ ಬರುತ್ತಿದ್ದ ಒಬ್ಬರಿಗೆ ಸತತ ಮೂರು ಭೇಟಿಗಳಲ್ಲಿ ಕುಡಿತ ಬಿಡಿ ಎಂದು ಉಪದೇಶ ಮಾಡಿದ್ದೆ. ಲಿವರ್‌ಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಎಸ್‌ಜಿಪಿಟಿ ಅವರಲ್ಲಿ ಇಳಿಯುತ್ತಲೇ ಇರಲಿಲ್ಲ. "ನಾನು ಕುಡಿಯುವುದಿಲ್ಲ ಮೇಡಂ" ಎಂದಾಗಲೆಲ್ಲ ತಲೆಯಾಡಿಸಿ, ಕಡತದಲ್ಲಿ ‘ಕುಡಿಯುವುದಿಲ್ಲ ಎನ್ನುತ್ತಾರೆ’ ಎಂದು ಬರೆದೆ. ಆ ‘ಎನ್ನುತ್ತಾರೆ’ಯಲ್ಲಿ ನನ್ನ ಅನುಮಾನವೆಲ್ಲ ಇತ್ತು. ಮದುವೆಗೂ ತಿಥಿಗೂ ಬಾಟಲಿ ಇಳಿಯುವ ಊರುಗಳಲ್ಲಿ ಲಿವರ್ ಕೆಟ್ಟರೆ ಬೇರೆ ಕಾರಣ ಯಾರಿಗೆ ಹೊಳೆಯುತ್ತದೆ?

ಲಿವರ್‌ಗೆ ತಗಲುವ ವೈರಸ್ ಸೋಂಕಾದ ಹೆಪಟೈಟಿಸ್ ಸಿ ಪರೀಕ್ಷೆ ಮೊದಲೇ ಆಗಿತ್ತು, ನೆಗೆಟಿವ್. ಆದರೆ ಆ ಕಿಟ್ ಹುಡುಕುವುದು ವೈರಸ್ಸನ್ನಲ್ಲ, ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವನ್ನು. ಅವರು ನಮ್ಮಲ್ಲಿಗೆ ಬಂದಾಗ ರೋಗನಿರೋಧಕ ಶಕ್ತಿಯ ಅಳತೆಯಾದ ಸಿಡಿ4 ಕೋಶಗಳ ಎಣಿಕೆ ಕೇವಲ 52 ಇತ್ತು. ಅಷ್ಟು ಸೋತ ದೇಹ ಕೆಲವೊಮ್ಮೆ ಪ್ರತಿಕಾಯವನ್ನೇ ತಯಾರಿಸುವುದಿಲ್ಲ. ವೈರಸ್ ಒಳಗೇ ಇರುತ್ತದೆ, ಕಿಟ್ ಸುಮ್ಮನಿರುತ್ತದೆ. ನಮ್ಮ ವೈದ್ಯರು ವೈರಸ್ಸನ್ನೇ ಹುಡುಕುವ ಆರ್‌ಎನ್‌ಎ ಪರೀಕ್ಷೆಗೆ ರಕ್ತ ಕಳುಹಿಸಿದರು. ವೈರಸ್ ಇತ್ತು. ಎಚ್‌ಐವಿ ಜೊತೆಗಿದ್ದರೆ ಈ ವೈರಸ್ ಲಿವರನ್ನು ಇನ್ನಷ್ಟು ಬೇಗ ಗಟ್ಟಿಯಾಗಿಸುತ್ತದೆ, ಹಾಗಾಗಿ ಕಳೆದ ಮೂರು ಭೇಟಿಗಳ ಲೆಕ್ಕ ನನ್ನ ತಲೆಯ ಮೇಲೇ ಬಂತು.

ಚಿಕಿತ್ಸೆ ಮಾತ್ರ ಸಲೀಸು. ಹಿಂದೆ ಇಂಟರ್‌ಫೆರಾನ್ ಚುಚ್ಚುಮದ್ದನ್ನು 48 ವಾರ ತೆಗೆದುಕೊಂಡು ಜ್ವರ, ಖಿನ್ನತೆಯಲ್ಲಿ ನರಳಬೇಕಿತ್ತು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಮಾತ್ರೆ ಉಚಿತ. ಹೆಪಟೈಟಿಸ್ ಬಿ ಇಲ್ಲವೆಂದು ನೋಡಿಕೊಂಡೆವು. ರಕ್ತದ ಎಎಸ್‌ಟಿ, ಪ್ಲೇಟ್‌ಲೆಟ್ ಪ್ರಮಾಣದಿಂದ ಲೆಕ್ಕ ಹಾಕಿದಾಗ ಲಿವರ್ ಗಟ್ಟಿಗಟ್ಟುವ ಸಿರೋಸಿಸ್ ಹಂತ ತಲುಪಿದಂತೆ ಕಾಣಲಿಲ್ಲ. ಸೊಫೊಸ್‌ಬುವಿರ್ 400, ಡಕ್ಲಾಟಾಸ್ವಿರ್ 60 ಮಿಲಿಗ್ರಾಂ, ದಿನಕ್ಕೊಂದೊಂದು, 12 ವಾರ. ಅವರ ಎಚ್‌ಐವಿ ಮಾತ್ರೆಯಲ್ಲಿ ಡೊಲುಟೆಗ್ರಾವಿರ್ ಇದ್ದುದರಿಂದ ಏನೂ ಬದಲಿಸಬೇಕಾಗಲಿಲ್ಲ. ಹಳೆಯ ಎಫಾವಿರೆನ್ಜ್ ಆಗಿದ್ದರೆ ಡಕ್ಲಾಟಾಸ್ವಿರ್ 90ಕ್ಕೆ ಏರಬೇಕಿತ್ತು. ಕ್ಷಯದ ಮಾತ್ರೆ ನುಂಗುತ್ತಿದ್ದೀರಾ ಎಂದು ನಾನು ಎರಡು ಸಲ ಕೇಳಿದೆ, ಅದರಲ್ಲಿರುವ ರಿಫಾಂಪಿಸಿನ್ ಜೊತೆ ಈ ಔಷಧಿ ಕೊಡುವಂತಿಲ್ಲ.

ಎಲ್ಲಿಂದ ಬಂತು ಎಂದು ನಾನು ಕೆದಕಲಿಲ್ಲ. ಆ ಪ್ರಶ್ನೆಯಿಂದ ಮನೆಯೊಳಗೆ ಜಗಳ ಹುಟ್ಟುತ್ತದೆಯೇ ಹೊರತು ಚಿಕಿತ್ಸೆ ಬದಲಾಗುವುದಿಲ್ಲ. ಮುಂದೆ ಯಾರಿಗೆ ಹೋಗಬಹುದು ಎಂಬುದನ್ನಷ್ಟೇ ಕೇಳಿದೆ. ತಮ್ಮ ಮತ್ತು ಭಾವನ ಜೊತೆ ಒಂದೇ ರೇಜರ್ ಎಂಬುದು ಆಗ ಹೊರಬಿತ್ತು. ತಟ್ಟೆ ಲೋಟ ಬೇರೆ ಮಾಡಬೇಡಿ, ರೇಜರ್ ಮಾತ್ರ ಬೇರೆ ಮಾಡಿ ಎಂದೆ. ಇದು ರಕ್ತದಿಂದ ಹರಡುವ ಕಾಯಿಲೆ. ಮಾತ್ರೆ ಡಬ್ಬಿ ಅಲುಗಿದರೆ ಗಲಗಲ ಎಂದು ಪಕ್ಕದ ಮನೆಗೆ ಕೇಳುತ್ತದೆ ಎಂಬ ಹೆದರಿಕೆ ಅವರಿಗೆ. ಎರಡನೇ ತಿಂಗಳು ಖಾಲಿ ಡಬ್ಬಿ ತಂದಾಗ ಒಳಗೆ ಹತ್ತಿಯ ಉಂಡೆ ಒತ್ತಿಟ್ಟಿತ್ತು. ಆ ಉಪಾಯವನ್ನು ಈಗ ನಾನೇ ಬೇರೆಯವರಿಗೆ ಹೇಳಿಕೊಡುತ್ತೇನೆ.

ಆಗಸ್ಟ್ ಮಳೆಯಲ್ಲಿ ಶುರುವಾದ ಮಾತ್ರೆ ನವೆಂಬರ್‌ನಲ್ಲಿ ಮುಗಿಯಿತು. ಗುಣವಾಯಿತೇ ಎಂದು ತಿಳಿಯಲು ಮತ್ತೆ 12 ವಾರ ಬಿಟ್ಟು ಆರ್‌ಎನ್‌ಎ ಪರೀಕ್ಷೆ ಮಾಡಬೇಕು. ಅದು ಬಿದ್ದದ್ದು ಫೆಬ್ರವರಿಯಲ್ಲಿ, ರೊಬಸ್ಟಾ ಕಾಫಿ ಕೊಯ್ಲಿನ ನಡುವೆ. ಒಂದು ದಿನದ ಕೂಲಿ ಬಿಟ್ಟು ಯಾರು ಬರುತ್ತಾರೆ? ಮೂರು ಸಲ ಫೋನ್ ಮಾಡಿದೆ. ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮೇಲೆ ಬಂದು ರಕ್ತ ಕೊಟ್ಟರು. ವರದಿಯಲ್ಲಿ ‘ಪತ್ತೆಯಾಗಿಲ್ಲ’ ಎಂದಿತ್ತು.

ಅವರ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ‘ಮುಂದೆ ಆರ್‌ಎನ್‌ಎ ಪರೀಕ್ಷೆ ಮಾತ್ರ’ ಎಂದು ಬರೆದೆ. ಸಿಡಿ4 ಏರಿದ ಮೇಲೆ ಕಿಟ್‌ನಲ್ಲಿ ಪ್ರತಿಕಾಯದ ಗೆರೆ ಮೂಡಿದರೂ ಮೂಡೀತು. ವೈರಸ್ ಇದ್ದಾಗ ಕಾಣದ ಗೆರೆ ಅದು ಹೋದ ಮೇಲೆ ಕಂಡು ಇನ್ನೊಬ್ಬರು ಗಾಬರಿಯಾಗುವುದು ಬೇಡ. ಬರೆಯುವುದನ್ನೇ ನೋಡುತ್ತಿದ್ದ ಅವರು, "ಮೇಡಂ, ಕುಡಿಯುವುದಿಲ್ಲ ಅಂತಲೂ ಬರೆದುಬಿಡಿ" ಎಂದರು. ‘ಎನ್ನುತ್ತಾರೆ’ಯನ್ನು ಹೊಡೆದುಹಾಕಿದೆ.