ತಾಳೆಯೋ ಶ್ರೀತಾಳೆಯೋ: ಗುರುತಿಸುವ, ಬೆಳೆಸುವ ಬಗೆ

ಬೀಸಣಿಗೆಯಂತೆ ಹರಡಿದ ಎಲೆಯನ್ನು ಕಂಡ ಮಾತ್ರಕ್ಕೆ ಮರವನ್ನು ತಾಳೆಯೆಂದು ತೀರ್ಮಾನಿಸಬಾರದು. ಕರಾವಳಿಯಲ್ಲಿ ಅದು ತುಳುವರು ಪಣೋಳಿ ಎನ್ನುವ ಶ್ರೀತಾಳೆಯೂ ಆಗಿರಬಹುದು. ಮೊದಲು ಎಲೆಯ ಅಳತೆಯನ್ನು ನೋಡಬೇಕು. ತಾಳೆಯ ಗರಿ ಗಡುಸಾಗಿದ್ದು, ಸುಮಾರು ಒಂದರಿಂದ ಒಂದೂವರೆ ಮೀಟರ್ ಹರಡಿರುತ್ತದೆ. ಶ್ರೀತಾಳೆಯದು 5 ಮೀಟರ್‌ವರೆಗೂ ಹರಡಬಲ್ಲದು, ಬಲಿತ ಮರದಲ್ಲಿ ಅದರ ತೊಟ್ಟೇ ಆಳೆತ್ತರವನ್ನು ಮೀರುತ್ತದೆ. ತೊಟ್ಟಿನ ಅಂಚಿನ ಮುಳ್ಳುಗಳನ್ನು ನೆಚ್ಚುವಂತಿಲ್ಲ, ಏಕೆಂದರೆ ಅವು ಎರಡರಲ್ಲೂ ಇರುತ್ತವೆ. ಸಂದೇಹಕ್ಕೆ ಎಡೆಯಿಲ್ಲದ ಗುರುತೆಂದರೆ ಹೂವು. ಶ್ರೀತಾಳೆಯು 30ರಿಂದ 80 ವರ್ಷ ಬೆಳೆದು, ಒಂದೇ ಒಂದು ಬಾರಿ ನೆತ್ತಿಯಲ್ಲಿ ಭಾರಿ ಹೂಗೊಂಚಲನ್ನು ಬಿಟ್ಟು, ಕಾಯಿ ಬಲಿತ ಬಳಿಕ ಸಾಯುತ್ತದೆ. ತಾಳೆಯಾದರೋ ಎಲೆಗಳ ಸಂದಿನಿಂದ ವರ್ಷ ವರ್ಷವೂ ಹೂ ಬಿಡುತ್ತದೆ. ಅದರಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ.

ತಾಳೆಯನ್ನು ಬೆಳೆಸಲು ಮಳೆಗಾಲದಲ್ಲಿ ತಾನಾಗಿ ಉದುರಿದ ಹಣ್ಣುಗಳನ್ನೇ ಆಯ್ದುಕೊಳ್ಳಬೇಕು. ಬೇಸಿಗೆಯಲ್ಲಿ ರಸ್ತೆ ಬದಿ ಮಾರುವ ತಾಟಿನಿಂಗು ಎಳೆಯ ಬೀಜದ ತಿರುಳಾದ್ದರಿಂದ ಅದು ಮೊಳೆಯುವುದಿಲ್ಲ. ಒಂದು ಹಣ್ಣಿನಲ್ಲಿ ಸಾಮಾನ್ಯವಾಗಿ ಮೂರು ಬೀಜಗಳಿರುತ್ತವೆ. ನಾರಿನ ತಿರುಳನ್ನು ತೆಗೆದು, ಬೀಜವನ್ನು ಒಣಗಲು ಬಿಡದೆ ಆದಷ್ಟು ಬೇಗ ನೆಡುವುದು ಒಳ್ಳೆಯದು.

ಎಲ್ಲಿ ನೆಡಬೇಕೆಂಬುದೇ ಇಲ್ಲಿ ಮುಖ್ಯ ಪ್ರಶ್ನೆ. ತಾಳೆಯ ಬೀಜದಿಂದ ಮೊದಲು ಹೊರಡುವುದು ಮೇಲೇರುವ ಚಿಗುರಲ್ಲ. ಕೊಳವೆಯಂಥ ಮೊಳಕೆಯೊಂದು ನೇರವಾಗಿ ಮಣ್ಣಿನಾಳಕ್ಕೆ ಇಳಿದು, ಎಳೆಯ ಸಸಿಯನ್ನು ಅಲ್ಲಿಗೆ ಒಯ್ದು, ಗೆಡ್ಡೆಯಾಗಿ ದಪ್ಪಗಾದ ಮೇಲಷ್ಟೇ ಎಲೆ ಮೇಲಕ್ಕೆ ಬರುತ್ತದೆ. ಗಿಡ್ಡನೆಯ ಪ್ಲಾಸ್ಟಿಕ್ ಚೀಲದಲ್ಲಿ ಈ ಮೊಳಕೆಗೆ ಜಾಗ ಸಾಲದು, ಕಿತ್ತು ನೆಟ್ಟರೆ ಅದು ಮುರಿಯುತ್ತದೆ. ಆದ್ದರಿಂದ ಮರ ಇರಬೇಕಾದ ಜಾಗದಲ್ಲಿಯೇ ಮಣ್ಣನ್ನು ಆಳವಾಗಿ ಸಡಿಲಿಸಿ, ಗುಳಿಗೆ ಎರಡು ಮೂರು ಬೀಜಗಳಂತೆ ಹುಗಿಯಬೇಕು. ಸಾಲಾಗಿ ಬೆಳೆಸುವುದಾದರೆ ಗುಳಿಗಳ ನಡುವೆ 3 ಮೀಟರ್ ಅಂತರವಿರಲಿ.

ತಿಂಗಳುಗಟ್ಟಲೆ ನೆಲದ ಮೇಲೆ ಏನೂ ಕಾಣದಿದ್ದರೂ ಅಗೆದು ನೋಡಬಾರದು. ಮೊದಲ ಎಲೆಯೂ ಬೀಸಣಿಗೆಯಂತಿರದೆ ಕತ್ತಿಯಂತೆ ನೀಳವಾಗಿರುವುದರಿಂದ, ಕಳೆ ತೆಗೆಯುವವರು ಅದನ್ನು ಹುಲ್ಲೆಂದು ಕಿತ್ತೊಗೆಯುವ ಅಪಾಯವಿದೆ. ಪಕ್ಕದಲ್ಲೊಂದು ಗೂಟ ನೆಡುವುದು ಜಾಣತನ. ಎಳೆಯ ಗಿಡಕ್ಕೆ ಮೊದಲ ಬೇಸಿಗೆಗಳಲ್ಲಿ ನೀರು ಬೇಕು, ಬೇರು ಹಿಡಿದ ಮೇಲೆ ಅದು ಬರವನ್ನೂ ತಾಳುತ್ತದೆ.

ಹೂ ಬಿಡಲು ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ, ಅಲ್ಲಿಯವರೆಗೆ ಗಂಡೋ ಹೆಣ್ಣೋ ಎಂಬುದನ್ನು ಕಣ್ಣಳತೆಯಿಂದ ಹೇಳಲಾಗದು. ಹಣ್ಣಿಗಾಗಿ ಬೆಳೆಸುವವರು ಒಂದೇ ಗಿಡವನ್ನು ನೆಚ್ಚದೆ ಐದಾರಾದರೂ ನೆಡಬೇಕು.