ಕೀಮೋ ಸುಸ್ತಿಗೆ ನಡಿಗೆ: ನನ್ನ ಅನುಭವ

"ಸುಸ್ತಾದವರನ್ನ ನಡೆಸ್ತೀಯಾ? ಮಲಗೋಕೆ ಬಿಡಮ್ಮ" ಅಂತ ವಾರ್ಡಿನ ಹಿರಿಯ ಸಿಸ್ಟರ್ ಗದರಿದ್ದು ಇನ್ನೂ ನೆನಪಿದೆ. ಸ್ತನ ಕ್ಯಾನ್ಸರಿಗೆ ಕೀಮೋ ತಗೊಳ್ಳುತ್ತಿದ್ದವರನ್ನು ನಾನು ಕಾರಿಡಾರಿನಲ್ಲಿ ನಡೆಸಲು ಶುರು ಮಾಡಿದ ವಾರ ಅದು. ಈಗ ಅದೇ ಸಿಸ್ಟರ್ "ಇವರನ್ನೂ ನಿನ್ನ ಪುಸ್ತಕಕ್ಕೆ ಸೇರಿಸ್ಕೋ" ಅಂತ ರೋಗಿಗಳನ್ನು ಕಳಿಸುತ್ತಾರೆ. ಹೆಮ್ಮೆ ಆಗದೇ ಇರುತ್ತಾ?

ಮೊದಲು ಸೋತ ಕಥೆ. ಸುಮಾರು ಒಂದೂವರೆ ವರ್ಷ ನಾನೂ ರೆಸ್ಟ್ ಮಾಡಿ ಅಂತಲೇ ಹೇಳುತ್ತಿದ್ದೆ. ಹಗಲೆಲ್ಲ ಮಲಗಿದವರಿಗೆ ರಾತ್ರಿ ನಿದ್ದೆ ಇಲ್ಲ, ಬೆಳಗ್ಗೆ ಇನ್ನೂ ಜಾಸ್ತಿ ಸುಸ್ತು. ಆಮೇಲೆ ಎಲ್ಲರಿಗೂ ದಿನಕ್ಕೆ 30 ನಿಮಿಷ ನಡಿಗೆ ಅಂತ ಒಂದೇ ಚೀಟಿ ಕೊಟ್ಟೆ. ಕೀಮೋ ಆದ ನಾಲ್ಕನೇ ದಿನ ಒಬ್ಬರು ಅರ್ಧ ದಾರಿಯಲ್ಲಿ ಗೋಡೆ ಹಿಡಿದು ಕೂತುಬಿಟ್ಟರು. ಎರಡೇ ವಾರದಲ್ಲಿ ಆರೇಳು ಜನ ಬಿಟ್ಟರು. ಹುರುಪು ಬರಲಿ ಅಂತ ಕೈಯಿಂದ ದುಡ್ಡು ಹಾಕಿ ಹೆಜ್ಜೆ ಎಣಿಸುವ ಬ್ಯಾಂಡ್ ಹತ್ತು ತಂದೆ. ಹತ್ತಿರ ಹತ್ತಿರ ಅರ್ಧ ತಿಂಗಳ ಸಂಬಳ ಹೋಯಿತು. ನಾಲ್ಕು ಕಳೆದವು. ಉಳಿದವರು ಹೆಜ್ಜೆ ಕಡಿಮೆ ಕಂಡಾಗಲೆಲ್ಲ ಕಣ್ಣೀರು ಹಾಕಿದರು.

ದಾರಿ ಸಿಕ್ಕಿದ್ದು ಒಂದು ನೋಟ್‌ಬುಕ್ಕಿನಲ್ಲಿ. ಬೆಳಗ್ಗೆ, ಸಂಜೆ ಸುಸ್ತಿಗೆ 0ರಿಂದ 10ರೊಳಗೆ ಅಂಕ ಕೇಳಿದೆ, ಪಕ್ಕದಲ್ಲಿ ಕೀಮೋ ಆಗಿ ಎಷ್ಟನೇ ದಿನ ಅಂತ ಬರೆದೆ. 21 ದಿನಕ್ಕೊಮ್ಮೆ ಕೀಮೋ ತಗೊಳ್ಳುವವರದ್ದು ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟ. ಕೀಮೋ ಜೊತೆ ಕೊಡುವ ಡೆಕ್ಸಾ ಅನ್ನೋ ಸ್ಟೀರಾಯ್ಡ್ ಇರುವ ಮೊದಲೆರಡು ದಿನ ಪರವಾಗಿಲ್ಲ. 3ರಿಂದ 5ನೇ ದಿನ ಧೊಪ್ಪನೆ ಬೀಳುತ್ತಾರೆ. ಆಮೇಲೆ ನಿಧಾನಕ್ಕೆ ಏಳುತ್ತಾರೆ. ಹಾಗಾಗಿ ನಡಿಗೆಯನ್ನು ದಿನಕ್ಕೆ ತಕ್ಕಂತೆ ಕೊಟ್ಟೆ. ಕೆಟ್ಟ ದಿನಗಳಲ್ಲಿ 5 ನಿಮಿಷ, ಎರಡು ಮೂರು ಸಲ. ಎರಡನೇ ವಾರ 10–15. ಮೂರನೇ ವಾರ 20ರಿಂದ 30. ಹಗಲಿನ ನಿದ್ದೆ ಅರ್ಧ ಗಂಟೆ, ಅದೂ ಮಧ್ಯಾಹ್ನ ಮೂರರೊಳಗೆ.

ಅಂಕ 7 ದಾಟಿದರೆ ನಾನು ನಡೆಸುವುದಕ್ಕೆ ಹೋಗುವುದಿಲ್ಲ. ಮೊದಲು ಹಿಮೋಗ್ಲೋಬಿನ್, ಥೈರಾಯ್ಡ್, ನೋವು, ಮನಸ್ಸು ಕುಗ್ಗಿದೆಯಾ, ಇದನ್ನೆಲ್ಲ ಡಾಕ್ಟರ ಹತ್ತಿರ ಮಾತಾಡುತ್ತೇನೆ. ಜ್ವರ, ಉಬ್ಬಸ, ತಲೆಸುತ್ತು, ಪ್ಲೇಟ್‌ಲೆಟ್ ಕಡಿಮೆ, ಮೂಳೆಗೆ ಹರಡಿದವರು: ಇವರಿಗೂ ಡಾಕ್ಟರು ಹೇಳದೆ ಒಂದು ಹೆಜ್ಜೆಯೂ ಇಲ್ಲ. ಪ್ಯಾಕ್ಲಿಟ್ಯಾಕ್ಸೆಲ್ ಅನ್ನೋ ಕೀಮೋ ಔಷಧಿಯಿಂದ ಪಾದ ಜೋಮು ಹಿಡಿದವರ ಪಕ್ಕ ಒಬ್ಬರು ಇರಲೇಬೇಕು.

ಬ್ಯಾಂಡ್ ಬದಲು ಗೋಡೆಗೆ ಹತ್ತು ಹೆಜ್ಜೆಗೊಂದು ಹಳದಿ ಟೇಪ್ ಅಂಟಿಸಿದೆ. ಒಂದು ರೋಲ್, ಅಷ್ಟೇ ಖರ್ಚು. ಮಧ್ಯದಲ್ಲಿ ಒಂದು ಕುರ್ಚಿ. ಒಬ್ಬ ಅಮ್ಮ ಮೂರನೇ ಟೇಪನ್ನು ಬೆರಳಿಂದ ಮುಟ್ಟಿ, "ಸಿಸ್ಟರ್, ನಾಳೆ ಇನ್ನೊಂದು" ಅಂದು ತಿರುಗಿದರು. ಮೊದಲ ದಿನ ಹಾಸಿಗೆಯಿಂದ ಎಬ್ಬಿಸಲು ನಾನು ಹೇಳುವ ಮಾತು ಒಂದಿದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಸ್ನಾನದ ವಿಷಯ ನನಗೂ ತಡವಾಗಿ ಹೊಳೆಯಿತು. ಆಪರೇಷನ್ ಆದ ಕಡೆಯ ಕೈ ಎತ್ತಿ ಮೈ ಒರೆಸಿಕೊಳ್ಳುವುದರಲ್ಲೇ ಅರ್ಧ ಶಕ್ತಿ ಮುಗಿಯುತ್ತಿತ್ತು. ಸ್ಟೂಲ್ ಮೇಲೆ ಕೂತು ಸ್ನಾನ, ಆಮೇಲೆ ಟವೆಲ್ ಬಟ್ಟೆಯ ಗೌನ್ ಹಾಕಿಕೊಂಡು ಸುಮ್ನೆ ಕೂರುವುದು. ನೀರನ್ನು ಅದೇ ಹೀರುತ್ತದೆ. ಉಳಿದ ಶಕ್ತಿ ನಡಿಗೆಗೆ.

ನಡುವೆ ರಾತ್ರಿ ಪಾದಕ್ಕೆ ಮಸಾಜ್ ಮಾಡಿಯೂ ನೋಡಿದೆ. ನಿದ್ದೆ ಚೆನ್ನಾಗಿ ಬಂತು ಅಂದರು, ಆದರೆ ಮರುದಿನ ಸಂಜೆಯ ಅಂಕ ಅಲ್ಲೇ ಇತ್ತು. ಕೇಳಿದವರಿಗೆ ಈಗಲೂ ಮಾಡುತ್ತೇನೆ.

ನೆನಪಿನಿಂದ ಹೇಳುವುದಾದರೆ, ಐದಾರು ತಿಂಗಳಲ್ಲಿ 22–23 ಜನ. ಅದರಲ್ಲಿ 14–15 ಜನರ ಸಂಜೆಯ ಅಂಕ 6ರ ಹತ್ತಿರದಿಂದ 3–4ಕ್ಕೆ ಇಳಿಯಿತು. ಮೂವರಿಗೆ ಏನೂ ಪ್ರಯೋಜನ ಆಗಲಿಲ್ಲ. ಒಬ್ಬರಿಗೆ ರಕ್ತ ಕೊಡಬೇಕಾಯಿತು.

ರೇಡಿಯೇಶನ್‌ನವರ ಸುಸ್ತು ಬೇರೆ ತರಹ. ವಾರ ವಾರಕ್ಕೂ ಏರುತ್ತದೆ, ಮುಗಿದ ಮೇಲೂ ಕೆಲವು ವಾರ ಇರುತ್ತದೆ. ಹೋದ ಸಲ ನಾಲ್ಕನೇ ವಾರಕ್ಕೆ ಶುರು ಮಾಡಿ ಕೈ ಸುಟ್ಟುಕೊಂಡೆ. ಈ ಸಲ ಮೊದಲ ದಿನವೇ. ನಿನ್ನೆ ಮೂವರ ಹೆಸರು ಬರೆದುಕೊಂಡೆ, ಆ ಕಡೆಯ ಕಾರಿಡಾರಿಗೂ ಟೇಪ್ ಅಂಟಿಸಬೇಕು.