ಹಳೆಯ ವೀಣೆಯನ್ನು ಮನೆಯಲ್ಲೇ ಸರಿಪಡಿಸುವ ಬಗೆ

ಅಟ್ಟದಿಂದ ಇಳಿಸಿದ ಹಳೆಯ ಸರಸ್ವತಿ ವೀಣೆಯನ್ನು ಕಂಡೊಡನೆ ತೊಳೆದು, ವಾರ್ನಿಷ್ ಬಳಿದು ಹೊಳೆಯಿಸುವ ಆಸೆ ಹುಟ್ಟುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಒಣ ಬಟ್ಟೆಯಿಂದಲೂ ಮೃದುವಾದ ಕುಂಚದಿಂದಲೂ ಧೂಳು ತೆಗೆದರೆ ಸಾಕು.

ತಂತಿಗಳನ್ನು ಹೊತ್ತು ನಿಲ್ಲುವ ಕುದುರೆಯು ಸಾಮಾನ್ಯವಾಗಿ ಅವುಗಳ ಒತ್ತಡದಿಂದಲೇ ಕೊಡದ (ನಾದ ಮೊಳಗುವ ದುಂಡನೆಯ ಭಾಗದ) ಮೇಲೆ ನಿಂತಿರುವುದರಿಂದ, ಏಳು ತಂತಿಗಳನ್ನೂ ಒಮ್ಮೆಗೇ ಬಿಚ್ಚದೆ, ಮೊದಲು ಅದರ ಕಾಲುಗಳ ಸುತ್ತ ಪೆನ್ಸಿಲ್ಲಿನಿಂದ ತೆಳುವಾಗಿ ಗುರುತು ಮಾಡಿಕೊಂಡು, ತುಕ್ಕು ಹಿಡಿದ ತಂತಿಗಳನ್ನು ಒಂದೊಂದಾಗಿ ಬದಲಾಯಿಸಬೇಕು. ತಂತಿಯನ್ನು ಬಿಗಿಯುವ ಬಿರಡೆ ಜಾರುತ್ತಿದ್ದರೆ ಸೀಮೆಸುಣ್ಣದ ಪುಡಿಯನ್ನೂ, ತಿರುಗದೆ ಬಿಗಿದಿದ್ದರೆ ಒಣ ಸಾಬೂನನ್ನೂ ಸವರಬಹುದು.

ನಿಜವಾದ ಕೆಲಸವಿರುವುದು ಮೆಟ್ಟಿಲುಗಳಲ್ಲಿ, ಅಂದರೆ ಸ್ವರಕ್ಕಾಗಿ ತಂತಿಯನ್ನು ಒತ್ತುವ ಲೋಹದ ಪಟ್ಟಿಗಳಲ್ಲಿ. ಇಪ್ಪತ್ತನಾಲ್ಕು ಮೆಟ್ಟಿಲುಗಳೂ ಕೂತಿರುವುದು ಕಪ್ಪು ಮೇಣದ ಮೇಲೆ. ಅದು ಸೆಕೆಗೆ ಮೆತ್ತಗಾಗುತ್ತದೆ, ವರ್ಷಗಳು ಕಳೆದಂತೆ ಒಣಗಿ ಬಿರಿಯುತ್ತದೆ. ಅಕ್ಕಪಕ್ಕದ ಎರಡು ಮೆಟ್ಟಿಲುಗಳಲ್ಲಿ ಒಂದೇ ಸ್ವರ ಕೇಳಿಸಿದರೆ ಒತ್ತಿದ ಮೆಟ್ಟಿಲು ಕುಸಿದಿದೆ, ಇಲ್ಲವೇ ಮುಂದಿನದು ಎದ್ದಿದೆ ಎಂದು ತಿಳಿಯಬೇಕು. ಯಾವುದೆಂಬುದನ್ನು ನೇರವಾದ ಅಡಿಕೋಲನ್ನು ಮೆಟ್ಟಿಲುಗಳ ಮೇಲಿಟ್ಟು ನೋಡಬಹುದು. ಆ ಭಾಗದ ತಂತಿಗಳನ್ನು ಸಡಿಲಿಸಿ ಪಕ್ಕಕ್ಕೆ ಸರಿಸಿ, ಚಾಕುವಿನ ಅಲಗನ್ನು ಕಾಯಿಸಿ ಮೆಟ್ಟಿಲಿನ ಬುಡದ ಮೇಣಕ್ಕೆ ಮಾತ್ರ ತಗುಲಿಸಿ, ಅದು ಮೆತ್ತಗಾದ ಕೂಡಲೇ ಮೆಟ್ಟಿಲನ್ನು ಎತ್ತರಕ್ಕೆ ಸರಿಹೊಂದಿಸಿ, ಪೂರ್ತಿ ಆರುವವರೆಗೆ ಕೈ ಇಡದೆ ಬಿಡಬೇಕು. ಮೇಣದ ಹತ್ತಿರ ಬೆಂಕಿಯನ್ನು ತರಲೇಬಾರದು. ಒಂದು ದಿನಕ್ಕೆ ಒಂದೆರಡು ಮೆಟ್ಟಿಲುಗಳು ಸಾಕು. ಎಲ್ಲವನ್ನೂ ಕಿತ್ತು ಮೇಳ ಕಟ್ಟುವುದು, ಅಂದರೆ ಸ್ವರಕ್ಕೆ ತಕ್ಕಂತೆ ಹೊಸದಾಗಿ ಕೂರಿಸುವುದು, ಪಳಗಿದ ಕಿವಿಯ ಕೆಲಸ.

ಆಮೇಲೆ ಸಾರಣಿ ಎಂಬ ಮುಖ್ಯ ತಂತಿಯನ್ನು ಶ್ರುತಿಗೆ ತಂದು 12ನೆಯ ಮೆಟ್ಟಿಲಿನಲ್ಲಿ ಮೀಟಬೇಕು. ಅಲ್ಲಿ ತಾರಷಡ್ಜ (ಮೇಲಿನ ಸ್ಥಾಯಿಯ ‘ಸ’) ನುಡಿಯಬೇಕು. ಸ್ವರ ಏರಿದ್ದರೆ ಕುದುರೆಯನ್ನು ಮೆಟ್ಟಿಲುಗಳಿಂದ ಕೂದಲೆಳೆಯಷ್ಟು ದೂರಕ್ಕೂ, ಇಳಿದಿದ್ದರೆ ಹತ್ತಿರಕ್ಕೂ ಸರಿಸಬೇಕು. (ನನ್ನ ಕಿವಿಯನ್ನು ನಾನು ಪೂರ್ತಿ ನಂಬುವುದಿಲ್ಲ, ಮೊಬೈಲಿನ ಟ್ಯೂನರ್ ಇಟ್ಟುಕೊಳ್ಳುತ್ತೇನೆ.) ಸ್ವರ ಸರಿಯಿದ್ದೂ ನಾದ ಮಂಕಾಗಿದ್ದರೆ ಕುದುರೆಯ ಮೇಲಿನ ಹಿತ್ತಾಳೆಯ ತಗಡಿನಲ್ಲಿ ತಂತಿ ಕೊರೆದ ಗೆರೆಗಳಿವೆಯೇ ನೋಡಿ. ಆ ತಗಡಿನ ನವಿರಾದ ಬಾಗಿನಲ್ಲೇ ನಾದದ ಗುಟ್ಟಿರುವುದರಿಂದ ಅದನ್ನು ಉಪ್ಪುಕಾಗದದಿಂದ ಉಜ್ಜುವ ಸಾಹಸ ಬೇಡ. ತಗಡಿನ ಕೆಲಸವನ್ನೂ, ಕೊಡ ಮತ್ತು ದಂಡಿ (ಮೆಟ್ಟಿಲುಗಳಿರುವ ಉದ್ದನೆಯ ಭಾಗ) ಕೂಡುವಲ್ಲಿ ಬಿಟ್ಟ ಬಿರುಕನ್ನೂ ವೀಣೆ ಮಾಡುವವರ ಕೈಗೇ ಒಪ್ಪಿಸಬೇಕು. ಬಿರುಕಿಗೆ ಅಂಗಡಿಯ ದಿಢೀರ್ ಅಂಟು ಸುರಿದಿದ್ದರೆ ಅವರು ಮೊದಲು ಅದನ್ನು ಕೆರೆದು ತೆಗೆಯಬೇಕಾಗುತ್ತದೆ.